ಹಾಲಿನ ಹಿನ್ನೆಲೆ

ಅವಳ ಚಿತ್ರದಲ್ಲಿ ಕಪ್ಪು ಗೆರೆಗಳನ್ನು ಬಿಟ್ಟರೆ ಉಳಿದದ್ದೆಲ್ಲ ಬೆಳ್ಳಗೆ ಇರುತ್ತಿತ್ತು. ನನ್ನದು ಒಲೆಯ ಬೂದಿ ಬಳಿದ ಹಾಗೆ. ಇಬ್ಬರದೂ ಒಂದೇ ಲ್ಯಾಬು, ಒಂದೇ ಯಂತ್ರ, ಒಂದೇ ಫ್ರೀಜರು. ಪ್ರತಿಕಾಯದ ಸೀಸೆಯೂ ಒಂದೇ ಎಂದು ಮೇಡಂ ಹೇಳುತ್ತಿದ್ದರು. ಆ ಕೊನೆಯ ಮಾತನ್ನು ಮಾತ್ರ ನಾನು ಇಡೀ ಒಂದು ಮಳೆಗಾಲ ನಂಬಲಿಲ್ಲ.

ಕುಮಟಾ ಪೇಟೆಯ ಹೊರಗೆ, ಹೆದ್ದಾರಿಯಿಂದ ಸ್ವಲ್ಪ ಮೇಲೆ, ಕೆಂಪುಕಲ್ಲಿನ ಗುಡ್ಡ ಕಡಿದು ಕಟ್ಟಿದ ಔಷಧಶಾಸ್ತ್ರದ ಕಾಲೇಜಿನಲ್ಲಿ ನಮ್ಮ ಲ್ಯಾಬು ಇತ್ತು. ನಾನು ಹೊನ್ನಾವರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಅವಳು ಕುಮಟೆಯ ಪಕ್ಕದ ಬಾಡ ಎಂಬ ಊರಿನವಳು, ಮೀನುಗಾರರ ಮನೆಯ ಹುಡುಗಿ, ನನಗಿಂತ ಚಿಕ್ಕವಳು, ಸ್ಕೂಟರಿನಲ್ಲಿ ಬರುತ್ತಿದ್ದಳು. ನಮ್ಮಿಬ್ಬರಿಗೂ ಮಾರ್ಗದರ್ಶಿಯಾಗಿದ್ದ ಮೇಡಂ ಭಟ್ಕಳದವರು, ಮನೆ ಜಾಲಿಯಲ್ಲಿ. ಮೂರೂ ತಾಲೂಕಿನವರು ಸೇರಿ ಒಂದು ಪ್ರಾಜೆಕ್ಟು ಎಂದು ಮೇಡಂ ತಮಾಷೆ ಮಾಡುತ್ತಿದ್ದರು.

ನಾನು ದಿನಚರಿ ಬರೆಯುವವಳು. ಹಾಗೆಂದು ನನ್ನ ನೆನಪಿನ ಮೇಲೆ ನನಗೆ ದೊಡ್ಡ ವಿಶ್ವಾಸವಿಲ್ಲ. ದಿನಚರಿಯ ಮೇಲೂ ಅಷ್ಟೇ. ಅದನ್ನು ಬರೆದವಳೂ ಆ ದಿನಗಳ ಅದೇ ಹೊಟ್ಟೆಕಿಚ್ಚಿನವಳು ತಾನೇ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಯಾವುದು ನಡೆದದ್ದು, ಯಾವುದು ನನಗೆ ನಡೆದಂತೆ ಕಂಡದ್ದು ಎಂದು ಆಗಾಗ ನಿಂತು ಕೇಳಿಕೊಳ್ಳಬೇಕಾಗಿದೆ.

ಕೆಲಸ ಏನೆಂದರೆ, ನಮ್ಮ ಕಡೆಯ ಎರಡು ಹುಳಿಹಣ್ಣುಗಳ ಸಿಪ್ಪೆಗೆ ಉರಿಯೂತ ತಗ್ಗಿಸುವ ಗುಣ ಇದೆಯೇ ಎಂದು ಇಲಿಗಳಲ್ಲಿ ನೋಡುವುದು. ನನಗೆ ಮುರುಗಲು, ಅವಳಿಗೆ ಉಪ್ಪಾಗೆ. ಬಿಳಿ ಇಲಿಗಳಿಗೆ ಕೆಲವು ದಿನ ಸಿಪ್ಪೆಯ ಸಾರವನ್ನು ಕುಡಿಸಿ, ಆಮೇಲೆ ಹಿಂಗಾಲಿನ ಪಾದಕ್ಕೆ ಕಡಲಪಾಚಿಯಿಂದ ತೆಗೆದ ಒಂದು ಪದಾರ್ಥ ಚುಚ್ಚುತ್ತೇವೆ. ಪಾದ ಊದಿಕೊಂಡು ಕೆಂಪಾಗುತ್ತದೆ. ಊತ ಬಂದಲ್ಲಿ ದೇಹ ಹೊರಡಿಸುವ ಒಂದು ಪ್ರೋಟೀನು ಇದೆ, ಇಂಟರ್‌ಲ್ಯೂಕಿನ್ ಒಂದು ಬೀಟಾ ಎಂದು ಹೆಸರು. ಸೈಟೊಕೈನ್‌ಗಳ ಜಾತಿಗೆ ಸೇರಿದ್ದು. ಮನೆಗೆ ಬೆಂಕಿ ಬಿದ್ದಿದೆ, ಬನ್ನಿ ಎಂದು ಕೂಗುವವನ ಹಾಗೆ ಅದು. ಕೂಗು ಎಷ್ಟು ಜೋರಾಗಿದೆ ಎಂದು ತಿಳಿದರೆ ಉರಿ ಎಷ್ಟಿದೆ ಎಂದು ತಿಳಿಯುತ್ತದೆ. ಸಾರ ಕುಡಿದ ಇಲಿಯ ಪಾದದಲ್ಲಿ ಆ ಪ್ರೋಟೀನು ಕಡಿಮೆ ಇದ್ದರೆ ಹಣ್ಣು ಗೆದ್ದಂತೆ.

ಅದನ್ನು ಹಿಡಿದು ತೋರಿಸುವುದು ಪ್ರತಿಕಾಯದ ಕೆಲಸ. ಪ್ರೋಟೀನು ಇದ್ದಲ್ಲಿ ಯಂತ್ರ ತೆಗೆಯುವ ಚಿತ್ರದಲ್ಲಿ ಕಪ್ಪು ಗೆರೆ ಮೂಡುತ್ತದೆ, ಹೆಚ್ಚಿದ್ದಷ್ಟೂ ಗಾಢವಾಗಿ. ಇಲಿಯ ಆ ಪ್ರೋಟೀನನ್ನು ಬೇರೊಂದು ಪ್ರಾಣಿಗೆ, ಮೊಲಕ್ಕೋ ಆಡಿಗೋ ಚುಚ್ಚುತ್ತಾರೆ. ಅದರ ಮೈ ಇದು ಹೊರಗಿನದು ಎಂದು ಗುರುತಿಸಿ ಪ್ರತಿಕಾಯ ತಯಾರಿಸುತ್ತದೆ. ಒಂದು ಬಗೆಯದಲ್ಲ, ಹಲವು ಬಗೆ. ಒಂದು ಪ್ರೋಟೀನಿನ ತಲೆ ಹಿಡಿದರೆ ಇನ್ನೊಂದು ಬಾಲ ಹಿಡಿಯುತ್ತದೆ, ಮತ್ತೊಂದು ಮಡಿಕೆಯ ಮೇಲೆ ಕೂರುತ್ತದೆ. ಪ್ರಾಣಿಯ ರಕ್ತದಿಂದ ಅವನ್ನೆಲ್ಲ ಒಟ್ಟಿಗೆ ತೆಗೆದರೆ ಅದು ಪಾಲಿಕ್ಲೋನಲ್. ಒಂದು ಪ್ರಾಣಿಯ ರಕ್ತ ಮುಗಿದರೆ ಆ ಸೀಸೆ ಮುಗಿಯಿತು, ಅದೇ ಬೆರಕೆ ಮತ್ತೆ ಸಿಗುವುದಿಲ್ಲ. ಮುಂದಿನ ಸೀಸೆ ಬೇರೆ ಪ್ರಾಣಿಯದು, ಬೇರೆ ಸ್ವಭಾವದ್ದು. ಈ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತ್ತು. ನನ್ನ ಸಂಶಯ ಹುಟ್ಟಿದ್ದೂ ಇಲ್ಲಿಂದಲೇ.

ಮೊದಲು ನಮ್ಮಲ್ಲಿ ಮೊಲದ ಪ್ರತಿಕಾಯ ಇತ್ತು. ಅದರಲ್ಲಿ ಇಬ್ಬರ ಚಿತ್ರವೂ ಚೆನ್ನಾಗಿ ಬರುತ್ತಿತ್ತು. ಬೇಸಿಗೆಯ ಕೊನೆಗೆ ಅದು ಮುಗಿಯುತ್ತ ಬಂತು. ಮೇಡಂ ಆಡಿನ ಪ್ರತಿಕಾಯದ ಹೊಸ ಸೀಸೆ ತರಿಸಿದರು. ಅಲ್ಲಿಂದ ನನ್ನ ಚಿತ್ರ ಬೂದು ಹಿಡಿಯಿತು, ಅವಳದು ಮೊದಲಿಗಿಂತ ಚೊಕ್ಕವಾಯಿತು. ಮೊಲದ ಸೀಸೆಯ ತಳದಲ್ಲಿ ಉಳಿದದ್ದು ಅವಳ ಪಾಲಿಗೆ ಹೋಗಿದೆ, ಮೇಡಂ ನನಗೆ ಗೊತ್ತಾಗದ ಹಾಗೆ ಕೊಟ್ಟಿದ್ದಾರೆ. ಹೀಗೆ ನಾನು ತೀರ್ಮಾನಿಸಿದೆ. ಫ್ರೀಜರು ತೆಗೆದು ನೋಡಿದರೆ ಹಳೆಯ ಸೀಸೆ ಇರಲಿಲ್ಲ. ಇಲ್ಲದ ಸೀಸೆಯೇ ನನಗೆ ಸಾಕ್ಷಿಯಾಯಿತು.

ಇದು ಬರೀ ಚಿತ್ರದ ಮಾತಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ನಮ್ಮ ಪ್ರಾಜೆಕ್ಟು ಆ ವರ್ಷ ಮುಗಿಯುವುದಿತ್ತು. ಮುಂದಿನದಕ್ಕೆ ಒಬ್ಬರಿಗೇ ಜಾಗ. ಮೇಡಂ ಇಬ್ಬರನ್ನೂ ಕೂರಿಸಿಕೊಂಡು ಸ್ಪಷ್ಟವಾಗಿಯೇ ಹೇಳಿದ್ದರು. ನವರಾತ್ರಿಯ ಹೊತ್ತಿಗೆ ಇಬ್ಬರೂ ಎಲ್ಲ ಇಲಿಗಳ ಚಿತ್ರ ಇಡಬೇಕು, ಯಾವ ಹಣ್ಣು ಕೆಲಸ ಮಾಡಿದೆಯೋ ಅದನ್ನು ಮುಂದಕ್ಕೆ ಒಯ್ಯುತ್ತೇನೆ, ಹಣ್ಣಿನ ಜತೆ ಅದರ ಕೆಲಸ ಮಾಡಿದವಳನ್ನೂ ಎಂದು. ಅವಳು ಮದುವೆಯಾಗದವಳು, ಮಂಗಳೂರಿಗೋ ಧಾರವಾಡಕ್ಕೋ ಹೋಗಿ ಬೇರೆ ಲ್ಯಾಬು ಸೇರಬಹುದು. ನನಗೆ ಹೊನ್ನಾವರದಲ್ಲಿ ಮನೆ, ಗಂಡನ ಬ್ಯಾಂಕಿನ ಕೆಲಸ, ಅತ್ತೆ, ಶಾಲೆಗೆ ಹೋಗುವ ಮಗಳು. ಇಲಿಯ ಪಂಜರ ಇರುವ ಇನ್ನೊಂದು ಲ್ಯಾಬು ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ ನನಗೆ ಗೊತ್ತಿದ್ದ ಮಟ್ಟಿಗೆ ಇರಲಿಲ್ಲ. ಇದು ತಪ್ಪಿದರೆ ಕಲಿತದ್ದನ್ನೆಲ್ಲ ಅಲ್ಲಿಗೆ ಬಿಟ್ಟ ಹಾಗೆ. ಬಸ್ಸಿನಲ್ಲಿ ಶರಾವತಿ ಸೇತುವೆ ದಾಟುವಾಗ ಈ ವಾದವನ್ನು ದಿನವೂ ಮನಸ್ಸಿನಲ್ಲಿ ಮಂಡಿಸಿ ದಿನವೂ ಗೆಲ್ಲುತ್ತಿದ್ದೆ. ಈಗ ಬರೆಯುವಾಗ ಒಂದು ಸಣ್ಣ ಗೊಂದಲ: ನನ್ನ ಮನೆ ಸೇತುವೆಯ ಉತ್ತರಕ್ಕೇ ಇದೆ, ಕುಮಟೆಗೆ ಹೋಗಲು ಸೇತುವೆ ದಾಟಬೇಕಾಗಿಲ್ಲ. ದಾಟುತ್ತಿದ್ದದ್ದು ಭಟ್ಕಳಕ್ಕೆ ಹೋಗುವಾಗ. ಹಾಗಾದರೆ ವಾದ ಮಂಡಿಸುತ್ತಿದ್ದದ್ದು ಎಲ್ಲಿ? ನೆನಪು ನೀರು ಕಂಡಲ್ಲಿ ನಿಂತುಬಿಟ್ಟಿದೆ.

ಅವಳ ಮೇಲಿನ ಅಸೂಯೆಗೆ ಇನ್ನೊಂದು ಬೇರು ಭಾಷೆಯಲ್ಲಿತ್ತು. ಅವಳ ಮನೆಮಾತು ಕೊಂಕಣಿ. ಮೇಡಂ ಮನೆಯಲ್ಲಿ ಆಡುವುದು ನವಾಯತಿ. ಎರಡೂ ಹತ್ತಿರದ ಮಾತುಗಳು. ಅವಳು ಕೊಂಕಣಿಯಲ್ಲಿ ಕೇಳಿದರೆ ಮೇಡಂ ನವಾಯತಿಯಲ್ಲಿ ಉತ್ತರ ಕೊಡುತ್ತಿದ್ದರು. ನಡುನಡುವೆ ಇಬ್ಬರೂ ಯಾವುದೋ ಒಂದು ಶಬ್ದದ ಮೇಲೆ ಎಡವಿ ನಗುತ್ತಿದ್ದರು. ನನಗೆ ಕೊಂಕಣಿ ಅರ್ಧ ಬರುತ್ತದೆ, ಹೊನ್ನಾವರದ ಪೇಟೆಯಲ್ಲಿ ಕಲಿತದ್ದು, ತೂಕಕ್ಕೂ ದರಕ್ಕೂ ಸಾಲುವಷ್ಟು. ನಗುವಿನ ಕೊಂಕಣಿ ನನಗೆ ಬರುತ್ತಿರಲಿಲ್ಲ. ನಾನು ಹತ್ತಿರ ಹೋದರೆ ಇಬ್ಬರೂ ಕನ್ನಡಕ್ಕೆ ತಿರುಗುತ್ತಿದ್ದರು. ಅದು ಸೌಜನ್ಯ ಎಂದು ಇಂದು ಅನ್ನಿಸುತ್ತದೆ. ಆಗ ಅದು ನನ್ನ ಮುಖದ ಮೇಲೆ ಬಾಗಿಲು ಹಾಕಿದಂತೆ ಕೇಳುತ್ತಿತ್ತು.

ಈದ್ ಕಳೆದ ಮೇಲಿನ ಭಾನುವಾರ ಮೇಡಂ ನಮ್ಮಿಬ್ಬರನ್ನೂ ಜಾಲಿಯ ಮನೆಗೆ ಊಟಕ್ಕೆ ಕರೆದರು. ಆ ದಿನ ಜೋರು ಮಳೆ ಎಂದು ನನ್ನ ನೆನಪು. ಅವಳ ಫೋನಿನ ಚಿತ್ರದಲ್ಲಿ ಬಿಸಿಲಿದೆ, ಮೇಡಂ ಅಂಗಳದಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾರೆ. ನನಗಾಗಿ ಬೇರೆ ಒಲೆಯಲ್ಲಿ, ಹೊಸ ಪಾತ್ರೆಯಲ್ಲಿ ತರಕಾರಿ ಪಲಾವು ಮಾಡಿದ್ದರು. ಪಾತ್ರೆ ಹೊಸದು, ಒಮ್ಮೆಯೂ ಬಳಸಿಲ್ಲ ಎಂದು ಮೇಡಂ ಅವರ ತಾಯಿ ನನಗೆ ಒತ್ತಿ ಒತ್ತಿ ಹೇಳಿದರು. ಇಷ್ಟು ಅಕ್ಕರೆಗೆ ನಾನು ಕರಗಬೇಕಿತ್ತು. ಆದರೆ ನನ್ನ ಕಣ್ಣು ಅವಳ ತಟ್ಟೆಯ ಮೇಲಿತ್ತು. ಮೇಡಂ ತಮ್ಮ ಕೈಯಿಂದಲೇ ಅವಳಿಗೆ ಮೀನಿನ ತುಂಡು ಬಡಿಸುತ್ತಿದ್ದರು, ಮುಳ್ಳು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಅವಳಿಗೆ ಮುಳ್ಳು ತೋರಿಸಬೇಕೇ? ಮೀನಿನ ಮನೆಯಲ್ಲೇ ಹುಟ್ಟಿದವಳಿಗೆ? ನನಗೆ ಮೀನು ಬೇಕಿರಲಿಲ್ಲ. ಆ ಬೆರಳು ಬೇಕಿತ್ತು.

ಊಟಕ್ಕೆ ಮೊದಲು ಇನ್ನೊಂದು ನಡೆದಿತ್ತು. ನಾನು ಕೈ ತೊಳೆದು ಒಳಗೆ ಬರುವಾಗ ಅವರಿಬ್ಬರೂ ಸೋಫಾದ ಮೇಲೆ ಕೂತು ಮಾತಾಡುತ್ತಿದ್ದರು. ನನ್ನ ಕಿವಿಗೆ ಬಿದ್ದದ್ದು ಮೂರು ಶಬ್ದ: ಬಕ್ರಿ, ದೂದ್, ಮಾಸ್ಳಿ. ಆಡು, ಹಾಲು, ಮೀನು. ಜತೆಗೆ ನನ್ನ ಹೆಸರೂ ಬಂದ ಹಾಗಾಯಿತು. ಆಮೇಲೆ ನಗು. ಒಳಗೆ ಆಡಿನ ಬಿರಿಯಾನಿ ಇತ್ತು, ಮೀನು ಇತ್ತು, ನನಗೆ ಮೊಸರು ಹಾಲು. ಅರ್ಥ ಮಾಡಿಕೊಳ್ಳಲು ನನಗೆ ಇನ್ನೇನು ಬೇಕಿತ್ತು? ಇವಳು ಹಾಲು ಕುಡಿದೇ ಬೆಳೆದವಳು, ಆಡೂ ಇಲ್ಲ ಮೀನೂ ಇಲ್ಲ ಎಂದು ನನ್ನನ್ನು ಆಡಿಕೊಳ್ಳುತ್ತಿದ್ದಾರೆ. ಪಲಾವು ತುಂಬ ಚೆನ್ನಾಗಿದೆ ಎಂದು ಹೇಳಿ ಎರಡನೆಯ ಸಲ ಹಾಕಿಸಿಕೊಂಡೆ.

ಮರುವಾರ ಲ್ಯಾಬಿನಲ್ಲಿ ನಾನು ಹಾಲು ಕಲಸುತ್ತಿದ್ದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲಿಯ ಪಾದದಿಂದ ತೆಗೆದ ಪ್ರೋಟೀನುಗಳನ್ನು ಒಂದು ತೆಳ್ಳನೆಯ ಬಿಳಿ ಪೊರೆಯ ಮೇಲೆ ಇಳಿಸುತ್ತೇವೆ. ಆ ಪೊರೆ ಹಸಿದದ್ದು, ಯಾವ ಪ್ರೋಟೀನು ಬಂದರೂ ಹಿಡಿದುಕೊಳ್ಳುತ್ತದೆ. ನೇರವಾಗಿ ಪ್ರತಿಕಾಯ ಸುರಿದರೆ ಅದು ಖಾಲಿ ಜಾಗಕ್ಕೆಲ್ಲ ಅಂಟಿಕೊಂಡು ಇಡೀ ಪೊರೆ ಕಪ್ಪಾಗುತ್ತದೆ. ಅದಕ್ಕೇ ಮೊದಲು ಯಾವುದಾದರೂ ಸಾಧಾರಣ ಪ್ರೋಟೀನಿನಿಂದ ಪೊರೆಯ ಹಸಿವು ತಣಿಸುತ್ತಾರೆ. ಎಲ್ಲರೂ ಬಳಸುವುದು ಕೆನೆ ತೆಗೆದ ಹಾಲಿನ ಪುಡಿ. ನೀರಿನಲ್ಲಿ ಕಲಸಿ ಪೊರೆಯನ್ನು ಅದರಲ್ಲಿ ತೊಯ್ಯಿಸಿ ಅಲ್ಲಾಡಿಸುವುದು. ಲ್ಯಾಬಿನ ಭಾಷೆಯಲ್ಲಿ ಬ್ಲಾಕ್ ಮಾಡುವುದು.

ಅವಳು ಹಿಂದಿನಿಂದ ಬಂದು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಅಕ್ಕಾ, ಆ ಹಾಲು ಬಿಟ್ಟುಬಿಡಿ ಇನ್ನು. ನಮ್ಮ ಮೀನಿಗೆ ಬನ್ನಿ. ಒಂದ್ಸಲ ರುಚಿ ಕಂಡ್ರೆ ಮತ್ತೆ ಬಿಡುದಿಲ್ಲ ನೀವು."

"ನಿಮ್ಮ ಮೀನು ನಿಮಗೇ ಇರ್ಲಿ," ಎಂದೆ, ತಿರುಗದೆ.

"ಆತು," ಎಂದಳು. ನಗುತ್ತ ಹೋದಳು.

ಆ ನಗುವಿನ ದನಿಯನ್ನು ಎಷ್ಟು ಸಲ ನೆನೆಸಿಕೊಂಡಿದ್ದೇನೋ. ನೆನೆಸಿಕೊಂಡಷ್ಟೂ ಅದು ಹೆಚ್ಚು ಹೆಚ್ಚು ಕುಹಕವಾಗುತ್ತ ಹೋಯಿತು. ಮೊದಲ ಸಲ ಕೇಳಿದಾಗ ಹೇಗಿತ್ತು ಎಂದು ಈಗ ಹೇಳಲಾರೆ. ತೊಳೆದು ತೊಳೆದು ಬಣ್ಣ ಹೋಗುವ ಬಟ್ಟೆ ಇರುತ್ತದೆ. ನನ್ನ ನೆನಪು ತೊಳೆದಷ್ಟೂ ಬಣ್ಣ ಹಿಡಿಯುವ ಜಾತಿಯದು.

ಬೂದು ಹಿನ್ನೆಲೆಗೆ ನಾನು ಮಾಡಿದ ಮದ್ದು ಹಾಲು. ತೆಳ್ಳಗಾಯಿತೇನೋ ಎಂದು ಗಟ್ಟಿಯಾಗಿ ಕಲಸಿದೆ. ಹೆಚ್ಚು ಹೊತ್ತು ನೆನೆಸಿದೆ. ಪ್ರತಿಕಾಯವನ್ನೂ ಹಾಲಿನಲ್ಲೇ ಬೆರೆಸಿದೆ. ಚಿತ್ರ ಇನ್ನೂ ಬೂದಾಯಿತು. ನಾನು ಬೆಳೆದ ಮನೆಯಲ್ಲಿ ಹಾಲು ಎಂದರೆ ಯಾವ ಮೈಲಿಗೆಯೂ ತಟ್ಟದ ವಸ್ತು. ಹಾಲಿನಲ್ಲಿ ಬೇಯಿಸಿದ್ದಕ್ಕೆ ಮುಸುರೆಯ ಭಯ ಕಡಿಮೆ, ದೇವರ ಮೈ ತೊಳೆಯುವುದೂ ಅದರಿಂದಲೇ. ತಪ್ಪು ಹಾಲಿನಲ್ಲಿರಬಹುದು ಎಂಬ ಯೋಚನೆ ನನ್ನ ಹತ್ತಿರಕ್ಕೂ ಸುಳಿಯಲಿಲ್ಲ. ಸಂಸ್ಕಾರ ಅಷ್ಟು ಆಳಕ್ಕೆ ಹೋಗಿತ್ತೋ, ಅಥವಾ ತಪ್ಪು ಇರುವ ಜಾಗವನ್ನು ನಾನು ಮೊದಲೇ ಗೊತ್ತು ಮಾಡಿಬಿಟ್ಟಿದ್ದೆನೋ? ಎರಡನೆಯದೇ ಇರಬೇಕು. ಮೊದಲನೆಯ ಪ್ರತಿಕಾಯ ಹಾಕದೆ, ಅದನ್ನು ಹುಡುಕಿ ತೋರಿಸುವ ಎರಡನೆಯ ಪ್ರತಿಕಾಯವನ್ನು ಮಾತ್ರ ಹಾಕಿ ಒಂದು ಪೊರೆ ಮಾಡಿ ನೋಡುವುದು ಈ ಕೆಲಸದ ಮೊದಲ ಪಾಠ. ಹಾಗೆ ಮಾಡಿದ್ದರೆ ಅದೇ ದಿನ ಗೊತ್ತಾಗುತ್ತಿತ್ತು. ನಾನು ಮಾಡಲಿಲ್ಲ. ಕಳ್ಳ ಯಾರೆಂದು ಗೊತ್ತಿದ್ದ ಮೇಲೆ ಮನೆ ಹುಡುಕುವುದೇಕೆ?

ಮನೆಯಲ್ಲಿ ಅತ್ತೆಗೆ ಮಾತ್ರ ಏನೋ ಕಂಡಿತ್ತು. "ಎಂತ ಆತೆ? ಮುಖ ಒಂದು ನಮೂನೆ ಇದ್ದು," ಎಂದು ಒಂದು ಸಂಜೆ ಕೇಳಿದರು. "ಎಂತೂ ಇಲ್ಲೆ," ಎಂದೆ. ಇಲಿಯ ಪಾದದ ಊತವನ್ನು ವಿವರಿಸುವುದು ಸುಲಭವಿತ್ತು. ನನ್ನದನ್ನು ವಿವರಿಸುವುದು ಕಷ್ಟವಿತ್ತು.

ನವರಾತ್ರಿ ಹತ್ತಿರವಾಯಿತು. ಇಲಿಗಳ ಪಾದದಿಂದ ತೆಗೆದಿಟ್ಟ ಪ್ರೋಟೀನಿನ ಸಾರ ಇನ್ನೊಂದೆರಡು ಪೊರೆಗೆ ಆಗುವಷ್ಟೇ ಉಳಿದಿತ್ತು. ಅದು ಮುಗಿದರೆ ಮತ್ತೆ ಇಲಿ, ಮತ್ತೆ ಅನುಮತಿ, ಮತ್ತೆ ತಿಂಗಳುಗಳು. ಕೊನೆಗೆ ಒಂದು ದಿನ ಮೇಡಂ ಕೋಣೆಗೆ ಹೋಗಿ ನಿಂತೆ. ಅವಳು ಹೊರಗೆ ಪೈಪೆಟ್ಟಿನ ಪ್ಲಾಸ್ಟಿಕ್ ತುದಿಗಳನ್ನು ಡಬ್ಬಿಗೆ ತುಂಬುತ್ತಿದ್ದಳು, ಬಾಗಿಲು ತೆರೆದಿತ್ತು. ಕೇಳಲಿ ಎಂದೇ ತೆರೆದು ಬಿಟ್ಟಿದ್ದೆ ಎಂದು ಕಾಣುತ್ತದೆ.

"ಮೇಡಂ, ಮೊಲದ್ದು ಏನಾದ್ರೂ ಉಳಿದಿದ್ರೆ ನನಗೂ ಒಂದ್ಸಲ ಕೊಡಿ."

"ಮೊಲದ್ದಾ? ಅದು ಮುಗ್ದು ಎಷ್ಟ್ ದಿನ ಆತು. ಸೀಸೆ ನಾನೇ ಬಿಸಾಡಿದ್ದು."

"ಮತ್ತೆ ಅವಳ ಚಿತ್ರ ಅಷ್ಟು ಬೆಳ್ಳಗೆ ಹೇಗೆ ಬರ್ತದೆ?"

ನಾನು ಏನು ಕೇಳುತ್ತಿದ್ದೇನೆ, ಅದರ ಹಿಂದೆ ಏನಿದೆ, ಎರಡೂ ಮೇಡಂಗೆ ಒಟ್ಟಿಗೇ ತಿಳಿದಿರಬೇಕು. ಸಿಟ್ಟು ಮಾಡಲಿಲ್ಲ. ನನ್ನ ಚಿತ್ರ ಕೈಗೆ ತೆಗೆದುಕೊಂಡು ಕಿಟಕಿಯ ಕಡೆ ಹಿಡಿದರು.

"ಬ್ಲಾಕಿಗೆ ಎಂತ ಹಾಕ್ತಿ ನೀನು?"

"ಹಾಲು."

"ಹಾಲಾ? ಆಡಿನ ಪ್ರತಿಕಾಯಕ್ಕೆ? ಇನ್ನೂ ಹಾಲೇ ಹಾಕ್ತಾ ಇದ್ದಿಯಾ?"

ಮತ್ತೆ ಹೊರಗಿದ್ದ ಅವಳನ್ನು ಕರೆದರು. ಇವಳಿಗೆ ಹೇಳು ಎಂದಿದ್ದೆನಲ್ಲ, ಹೇಳಲಿಲ್ಲವೇ ಎಂದು ಕೇಳಿದರು. ಅವಳು ಕೈಗವಸು ಹಾಕಿಕೊಂಡೇ ಬಾಗಿಲಲ್ಲಿ ನಿಂತಿದ್ದಳು.

"ನಾ ಹೇಳಿದ್ದೆ ಮೇಡಂ. ಹಾಲು ಬಿಡಿ, ಮೀನಿಗೆ ಬನ್ನಿ ಅಂದಿದ್ದೆ ಅಲ್ದಾ ಅಕ್ಕಾ? ನೀವೇ, ನಿಮ್ಮ ಮೀನು ನಿಮಗೇ ಇರ್ಲಿ ಅಂದ್ರಿ. ಇವರಿಗೆ ಮೀನಿಂದು ಮುಟ್ಲಿಕ್ಕೆ ಆಗುದಿಲ್ಲ ಕಾಣ್ತದೆ, ಬೇರೆ ಎಂತದೋ ಹಾಕ್ತಾರೆ ಹೇಳಿ ನಾನು ಸುಮ್ಮನಾದೆ."

"ಜಾಲಿಯಲ್ಲಿ, ನಮ್ಮ ಮನೆಯಲ್ಲಿ ಇದೇ ಮಾತಾಡಿದ್ದಲ್ಲ," ಎಂದರು ಮೇಡಂ. "ಆಡಿಗೆ ಹಾಲು ಆಗುದಿಲ್ಲ, ಮೀನು ಹಾಕ್ಬೇಕು ಹೇಳಿ. ನೀನೂ ಅಲ್ಲೇ ಇದ್ದಿ."

ಬಕ್ರಿ, ದೂದ್, ಮಾಸ್ಳಿ.

ನಾನು ಅಲ್ಲೇ ಇದ್ದೆ, ಹೌದು. ಮೂರು ಶಬ್ದವನ್ನೂ ಸರಿಯಾಗಿ ಕೇಳಿಸಿಕೊಂಡಿದ್ದೆ. ಅವನ್ನು ಅಡುಗೆಮನೆಗೆ ಒಯ್ದು ಇಟ್ಟದ್ದು ನಾನು.

ವಿಷಯ ಸರಳ. ಮೊದಲ ಪ್ರತಿಕಾಯ ಇಲಿಯ ಪ್ರೋಟೀನನ್ನು ಹಿಡಿಯುತ್ತದೆ, ಅದು ನಮಗೆ ಕಾಣುವುದಿಲ್ಲ. ಅದನ್ನು ಹಿಡಿಯಲು ಎರಡನೆಯ ಪ್ರತಿಕಾಯ ಹಾಕುತ್ತೇವೆ, ಬೆಳಕು ಕೊಡುವುದು ಇದು, ಆ ಬೆಳಕೇ ಚಿತ್ರದಲ್ಲಿ ಕಪ್ಪಾಗಿ ಮೂಡುತ್ತದೆ. ಮೊದಲನೆಯದು ಆಡಿನಿಂದ ಬಂದದ್ದಾದರೆ ಎರಡನೆಯದು ಆಡಿನದನ್ನು ಗುರುತಿಸುವಂಥದ್ದು. ಹಾಲು ಹಸುವಿನದು, ಹಸುವಿನ ಪ್ರತಿಕಾಯಗಳು ಅದರಲ್ಲೂ ಇರುತ್ತವೆ. ಹಸುವೂ ಆಡೂ ಹತ್ತಿರದ ನೆಂಟರು. ಎರಡನೆಯ ಪ್ರತಿಕಾಯಕ್ಕೆ ಅವುಗಳ ನಡುವೆ ಅಂಥ ವ್ಯತ್ಯಾಸ ಕಾಣುವುದಿಲ್ಲ. ಪೊರೆಯ ತುಂಬ ಹಾಲು ಹಚ್ಚಿದರೆ ಪೊರೆಯ ತುಂಬ ಬೆಳಕು. ಮೊಲದ ಪ್ರತಿಕಾಯ ಇದ್ದಾಗ ಈ ತೊಂದರೆ ಇರಲಿಲ್ಲ, ಮೊಲಕ್ಕೂ ಹಸುವಿಗೂ ದೂರ. ಅವಳು ಬಳಸುತ್ತಿದ್ದದ್ದು ಮೀನಿನ ಚರ್ಮದಿಂದ ತೆಗೆದ ಜೆಲಟಿನ್. ಆಡಿಗೂ ಮೀನಿಗೂ ಯಾವ ನೆಂಟಸ್ತಿಕೆ? ಇದನ್ನು ನಾನು ಓದಿದ್ದೆನೇ? ಓದಿದ್ದೆ ಅನ್ನಿಸುತ್ತದೆ. ಪರೀಕ್ಷೆಯಲ್ಲಿ ಬರೆದಿದ್ದೆನೋ ಏನೋ.

ನನಗೆ ಆ ಹೊತ್ತು ಬಂದ ಭಾವನೆ ನಾಚಿಕೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಮೊದಲು ಬಂದದ್ದು ಸಿಟ್ಟು. ಯಾಕೆ ತಮಾಷೆಯಲ್ಲಿ ಹೇಳಿದಳು? ನನ್ನ ಎದುರು ನಿಂತು, ಅಕ್ಕಾ, ನಿಮ್ಮ ಹಾಲಿನಲ್ಲಿ ಹಸುವಿನ ಪ್ರತಿಕಾಯ ಇದೆ ಎಂದು ಒಂದು ವಾಕ್ಯ ಹೇಳಬಹುದಿತ್ತಲ್ಲ. ಆದರೆ ಅವರ ಕಡೆ ದೊಡ್ಡವರಿಗೆ ತಪ್ಪು ತೋರಿಸುವ ರೀತಿಯೇ ಅದು, ನಗಿಸಿ ಹೇಳುವುದು. ನೇರ ಹೇಳಿದರೆ ಅಹಂಕಾರವಾಗುತ್ತದೆ. ನಮ್ಮ ಮನೆಗಳಲ್ಲಿ ನಗಿಸಿ ಹೇಳಿದರೆ ಕುಟುಕಿದಂತೆ. ಅವಳು ಮರ್ಯಾದೆ ಕೊಟ್ಟಳು, ನಾನು ಅವಮಾನ ತೆಗೆದುಕೊಂಡೆ. ಅಥವಾ ಅದು ನಿಜವಾಗಿಯೂ ಸ್ವಲ್ಪ ಕುಟುಕಾಗಿತ್ತೇ? ನೂರಕ್ಕೆ ನೂರು ಇರಲಿಲ್ಲ ಎಂದು ಇವತ್ತೂ ನನ್ನ ಬಾಯಿಂದ ಬರುವುದಿಲ್ಲ.

ಮಾರನೆಯ ದಿನ ಅವಳೇ ಮೀನಿನ ಜೆಲಟಿನ್ನಿನ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟಳು. ಮುಚ್ಚಳ ತೆಗೆದೆ. ವಾಸನೆ ಅಂಥದ್ದೇನೂ ಇಲ್ಲ. ಆದರೂ ಕೈಗವಸಿನ ಮೇಲೆ ಇನ್ನೊಂದು ಕೈಗವಸು ಹಾಕಿಕೊಂಡೆ. ಹಾಕಿಕೊಂಡ ಮೇಲೆ ಹೊಳೆಯಿತು, ಈ ಕೈಯಿಂದ ಇಲಿಗಳನ್ನು ಕೊಂದಿದ್ದೇನೆ, ಆಗ ಒಂದೇ ಜತೆ ಸಾಕಾಗಿತ್ತು. ಅವಳು ನೋಡಿದಳು. ನೋಡಿಯೂ ನೋಡದವಳ ಹಾಗೆ ಪೈಪೆಟ್ಟು ಹಿಡಿದು ತನ್ನ ಕೆಲಸ ಮಾಡಿದಳು. ಈ ನೋಡದಿರುವಿಕೆಯಲ್ಲೂ ಅವಳು ನನಗಿಂತ ಚೆನ್ನಾಗಿದ್ದಳು.

ಯಂತ್ರದ ಮುಂದೆ ಕೂತು ಪರದೆಯ ಮೇಲೆ ಚಿತ್ರ ಮೂಡುವುದನ್ನು ಕಾಯುವಾಗ ಒಂದು ಖಾತರಿ ನನ್ನಲ್ಲಿತ್ತು. ಇಷ್ಟು ದಿನ ನನ್ನನ್ನು ಸೋಲಿಸಿದ್ದು ಹಿನ್ನೆಲೆ, ಬೂದಿಯ ಕೆಳಗೆ ನನ್ನ ಮುರುಗಲು ಗೆದ್ದು ಕೂತಿದೆ. ಬಾಲ್ಯದಲ್ಲಿ ಮೈಮೇಲೆ ಪಿತ್ತದ ಗಂಧೆ ಎದ್ದರೆ ಮುರುಗಲಿನ ನೀರು ಹಚ್ಚಿ ಕುಡಿಸಿದವರ ಮನೆ ನನ್ನದು. ಆ ತಂಪು ನನ್ನ ಚರ್ಮಕ್ಕೆ ಗೊತ್ತು, ಪ್ರತಿಕಾಯ ಅದನ್ನು ತೋರಿಸಿಕೊಡುವುದಷ್ಟೇ ಬಾಕಿ ಎಂದುಕೊಂಡಿದ್ದೆ.

ಚಿತ್ರ ಬಂತು. ಹಿನ್ನೆಲೆ ಅಚ್ಚ ಬಿಳಿ. ನನ್ನ ಕೈಯಿಂದ ಅಷ್ಟು ಚೊಕ್ಕ ಪೊರೆ ಹಿಂದೆ ಬಂದಿರಲಿಲ್ಲ. ಊತ ಬರಿಸದ ಇಲಿಗಳ ಸಾಲು ಖಾಲಿ. ಊತ ಬರಿಸಿದವುಗಳಲ್ಲಿ ಕಪ್ಪು ಗೆರೆ. ಅದರ ಪಕ್ಕದಲ್ಲಿ ಮುರುಗಲು ಕುಡಿದ ಇಲಿಗಳ ಸಾಲು, ಅಷ್ಟೇ ಕಪ್ಪು, ಅಷ್ಟೇ ದಪ್ಪ. ನಾವು ಕೊಟ್ಟ ಪ್ರಮಾಣದಲ್ಲಿ, ನಮ್ಮ ಆ ಇಲಿಗಳಲ್ಲಿ, ಮುರುಗಲು ಏನನ್ನೂ ತಗ್ಗಿಸಿರಲಿಲ್ಲ. ಉಳಿದ ಪಾದದ ಸಾರದಲ್ಲಿ ಇನ್ನೊಮ್ಮೆ ಮಾಡಿದೆ. ಅದೇ ಬಂತು. ಅವಳ ಉಪ್ಪಾಗೆಯ ಸಾಲುಗಳಲ್ಲಿ ಗೆರೆ ಮಂಕಾಗಿದ್ದದ್ದನ್ನು ನಾನು ಮಳೆಗಾಲದಿಂದಲೂ ನೋಡುತ್ತ ಬಂದಿದ್ದೆ. ಅದು ಮೊಲದ ಮಾಯೆ ಎಂದುಕೊಂಡಿದ್ದೆ.

ವಿಚಿತ್ರವೆಂದರೆ, ಆ ಕ್ಷಣ ನನಗೆ ಬೂದು ಚಿತ್ರಗಳ ಮೇಲೆ ಪ್ರೀತಿ ಬಂತು. ಅವುಗಳಲ್ಲಿ ನಾನು ಇನ್ನೂ ಸೋತಿರಲಿಲ್ಲ. ಯಾರೋ ನನ್ನ ಪಾಲು ಕಸಿದಿದ್ದಾರೆ ಎಂದು ನಂಬಿಕೊಂಡಿದ್ದಷ್ಟು ದಿನ ನನಗೊಂದು ಪಾಲು ಇತ್ತು. ಈಗ ಯಾರೂ ಏನನ್ನೂ ಕಸಿದಿಲ್ಲ ಎಂದು ಅಚ್ಚುಕಟ್ಟಾಗಿ ಸಿದ್ಧವಾಯಿತು. ದೂರಲು ಕಾರಣ ಹೋದರೆ ಹೊಟ್ಟೆಕಿಚ್ಚೂ ಹೋಗಬೇಕಿತ್ತು. ಹೋಗಲಿಲ್ಲ. ಕಾರಣವಿಲ್ಲದೆಯೂ ಬದುಕಬಲ್ಲೆ ಎಂದು ಅದು ಆರಾಮವಾಗಿ ಉಳಿಯಿತು.

ಮೇಡಂ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ನನ್ನದನ್ನು ಮೊದಲು ಹೊಗಳಿದರು. ಗುಣ ಇಲ್ಲ ಎಂದು ಹೇಳಲಿಕ್ಕೂ ಇಷ್ಟು ಚೊಕ್ಕ ಚಿತ್ರ ಬೇಕು, ಬೂದು ಚಿತ್ರದಿಂದ ಇಲ್ಲ ಎಂದೂ ಹೇಳಲಾಗುವುದಿಲ್ಲ, ಹೌದು ಎಂದೂ ಹೇಳಲಾಗುವುದಿಲ್ಲ ಎಂದರು. ಒಳ್ಳೆಯ ಮಾತು. ಮನೆಗೆ ಒಯ್ಯಲು ಬಾರದ ಮಾತು. ಆಮೇಲೆ ಮುಂದಿನ ಪ್ರಾಜೆಕ್ಟಿಗೆ ಉಪ್ಪಾಗೆ ಎಂದರು. ಅವಳು ತಲೆ ತಗ್ಗಿಸಿ ನಿಂತಿದ್ದಳು, ನಗಲಿಲ್ಲ. ನಾನು ಅವಳಿಗೆ ಒಳ್ಳೆಯದಾಗಲಿ ಎಂದು ಹೇಳಿದೆ. ಹೇಳಿದೆ ಎಂದು ನೆನಪಿದೆ. ದನಿ ಹೇಗಿತ್ತೋ ಅವಳನ್ನೇ ಕೇಳಬೇಕು.

ಕೊನೆಯ ದಿನ ಪಂಜರಗಳನ್ನು ಅವಳಿಗೆ ಒಪ್ಪಿಸಬೇಕಿತ್ತು. ನನ್ನ ಗುಂಪಿನ ಹೊಸ ಇಲಿಗಳು, ಇನ್ನೂ ಯಾವ ಪ್ರಯೋಗಕ್ಕೂ ಸೇರದವು, ಉಪ್ಪಾಗೆಗೆ ಹೋಗುವವು. ಇಲಿಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವಳು ಒಂದನ್ನು ಎತ್ತಿ ಅಂಗೈಯಲ್ಲಿ ಕೂರಿಸಿಕೊಂಡಳು. ನನ್ನ ಕೈಯಲ್ಲಿ ಯಾವಾಗಲೂ ತಡಕಾಡುವ ಇಲಿ ಅವಳ ಕೈಯಲ್ಲಿ ಸುಮ್ಮನೆ ಮೂಗು ಆಡಿಸುತ್ತ ಕೂತಿತು. ಅದಕ್ಕೆ ಅವಳು ಕೊಂಕಣಿಯಲ್ಲಿ ಏನೋ ಹೇಳಿದಳು. ಇಲಿಯ ಮೇಲೂ ನನಗೆ ಅಸೂಯೆಯಾಯಿತು, ಬಚ್ಚಿಡುವುದೇಕೆ?

ಕೆಳಗಿನ ಸಾಲಿನ ತುದಿಯ ಪಂಜರದ ನೀರಿನ ಬಾಟಲಿ ತೊಟ್ಟಿಕ್ಕುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಬೆಳಗಾಗುವಷ್ಟರಲ್ಲಿ ಪಂಜರದಲ್ಲಿ ಹಾಸಿದ ಹೊಟ್ಟು ಒದ್ದೆಯಾಗಿ ಇಲಿಗಳಿಗೆ ಥಂಡಿಯಾಗುತ್ತದೆ, ಥಂಡಿಯಾದ ಇಲಿಯ ಮೈಯಲ್ಲಿ ಊತದ ಲೆಕ್ಕವೇ ತಪ್ಪುತ್ತದೆ. ನನಗೆ ಮಾತ್ರ ಗೊತ್ತಿದ್ದ ಸಂಗತಿ. ಹೇಳದೆ ಬಾಗಿಲ ತನಕ ಬಂದೆ. ನಿಂತೆ. ಮತ್ತೆ ಒಳಗೆ ಹೋದೆ.

ಈ ಸಲ ಗೊಂದಲಕ್ಕೆ ಎಡೆ ಇರಬಾರದು ಎಂದು, ನಗದೆ, ಸುತ್ತಿ ಬಳಸದೆ ಹೇಳಿದೆ. "ಆ ತುದಿಯ ಬಾಟಲಿ ಸೋರ್ತದೆ. ಬದಲು ಮಾಡು. ಇಲ್ದಿದ್ರೆ ನಿನ್ನ ಲೆಕ್ಕ ಹಾಳಾಗ್ತದೆ."

ಅವಳು ಇಲಿಯನ್ನು ಪಂಜರದೊಳಗೆ ಬಿಟ್ಟು ನನ್ನ ಮುಖ ನೋಡಿದಳು. ಬಾಟಲಿಯ ಕಡೆ ನೋಡಿದಳು. ಮತ್ತೆ ನನ್ನ ಮುಖ ನೋಡಿದಳು, ಈ ಮಾತಿನ ಒಳಗೆ ಬೇರೆ ಏನಿದೆ ಎಂದು ಹುಡುಕುವವಳ ಹಾಗೆ.

"ಆತು ಅಕ್ಕಾ," ಎಂದಳು. ಬಾಟಲಿಗೆ ಕೈ ಹಾಕಲಿಲ್ಲ.